ಸರ್ಟಿಫಿಕೇಟಿನಲ್ಲಿದ್ದ ಹೆಸರು

"ಆ ಹೆಸರು ನೋಡೋದನ್ನ ತೆಗೆದು ಬಿಸಾಕಿ ಮೇಡಂ, ಚಿತ್ರ ಹೋದ್ರೆ ಸಾಕು!" ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಬಾಗಿಲಲ್ಲೇ ನಿಂತು ಗೋಗರೆದ. ಒಳಗೆ ಮಲಗಿದ್ದ ಮುದುಕಿಯ ತಲೆಯ ಸ್ಕ್ಯಾನ್ ಆಗಷ್ಟೇ ಮುಗಿದಿತ್ತು. ಹತ್ತೂವರೆಗೆ ಆಪರೇಷನ್. ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರಗಳು ಅವು; ಇನ್ನೊಮ್ಮೆ ಆ ಮದ್ದನ್ನು ಆಕೆಯ ಕಿಡ್ನಿ ತಡೆಯದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಚಿತ್ರ ಕಳಿಸುವ ಮುನ್ನ ಸ್ಕ್ಯಾನ್ ಯಂತ್ರವು, ಚಿತ್ರಗಳನ್ನು ಕೂಡಿಡುವ ಸ್ಟೋರೇಜ್ ಸರ್ವರಿನ ಗುರುತಿನ ಸರ್ಟಿಫಿಕೇಟ್ ಕೇಳುತ್ತದೆ. ಮುದ್ರೆ ಅಸಲಿಯೇ, ಹೆಸರು ತಾನು ಕರೆದ ಸರ್ವರಿನದೇ, ಎರಡನ್ನೂ ನೋಡುತ್ತದೆ. ಇವತ್ತು ಮುದ್ರೆ ಸರಿ, ಹೆಸರು ಬೇರೆ ಎಂದು ಹಟ ಹಿಡಿದು ಕೂತಿತ್ತು. ಹೋದ ವರ್ಷ ಸರ್ವರಿಗೆ ಹೊಸ ಹೆಸರಿಟ್ಟಾಗಲೂ, ಸರ್ಟಿಫಿಕೇಟಿನಲ್ಲಿ ಹಳೆಯದೇ ಉಳಿದು ಇದೇ ರಗಳೆ. ಆಗ ಅವಳು ಹೆಸರಿನ ತಪಾಸಣೆಯನ್ನೇ ನಿಲ್ಲಿಸಿ, ನಾಳೆ ಮತ್ತೆ ಹಾಕೋಣ ಅಂದುಕೊಂಡಿದ್ದಳು. ಆ ನಾಳೆ ಬರಲೇ ಇಲ್ಲ, ಬಿಡಿ. ಹಾಗಾದರೆ ತಪಾಸಣೆಯನ್ನು ಮತ್ತೆ ಹಾಕಿದ ಪುಣ್ಯಾತ್ಮ ಯಾರು?

ಸೆಟ್ಟಿಂಗ್ಸ್ ತೆರೆದಳು. ತಪಾಸಣೆಯ ಸಾಲಿನ ಪಕ್ಕ ಮೂರು ತಿಂಗಳ ಹಿಂದಿನ ಟಿಪ್ಪಣಿಯಿತ್ತು: 'ನಿಲ್ಲಿಸುವ ಮೊದಲು ಯಾರ ಹೆಸರು ಬಂದಿದೆ ಓದಿ.' ಇನ್ಯಾರು, ತಕರಾರಪ್ಪ! ಎಲ್ಲದಕ್ಕೂ ಕೊಕ್ಕೆ ಹಾಕುವ ಹಿರಿಯ ಸಹೋದ್ಯೋಗಿಗೆ ಆ ಹೆಸರಿಟ್ಟವಳು ಅವಳೇ.

"ಇವ್ರಿಗೆ ಬೇರೆ ಕೆಲಸ ಇಲ್ವಾ?" ಎಂದು ಗೊಣಗುತ್ತಲೇ ಓದಿದಳು. ಮತ್ತೊಮ್ಮೆ ಓದಿದಳು. ಬಂದಿದ್ದ ಹೆಸರು ಪ್ರಯೋಗಕ್ಕೆಂದು ಇಟ್ಟ ಸರ್ವರಿನದು. ಅದೂ ಆಸ್ಪತ್ರೆಯದೇ, ಅದಕ್ಕೇ ಮುದ್ರೆ ಅಸಲಿ. ಅದರೊಳಗೆ ಬಿದ್ದದ್ದೆಲ್ಲ ಗಂಟೆಗೊಮ್ಮೆ ತಾನಾಗಿ ಅಳಿಸಿಹೋಗುತ್ತದೆ. ಇತ್ತ ಸ್ಕ್ಯಾನ್ ಯಂತ್ರವೋ, 'ತಲುಪಿತು' ಎಂಬ ಉತ್ತರ ಬಂದೊಡನೆ ತನ್ನ ಪ್ರತಿಯನ್ನು ಅಳಿಸಿಬಿಡುತ್ತದೆ. ನಿನ್ನೆ ಸರ್ವರುಗಳ ವಿಳಾಸದ ಪಟ್ಟಿ ತಿದ್ದುವಾಗ ಒಂದು ಅಂಕಿ ತಪ್ಪಾಗಿ ಹಾಕಿದ್ದು ಬೇರಾರೂ ಅಲ್ಲ, ಅವಳೇ.

ಅಂಕಿ ಸರಿಮಾಡಿದಳು. ಹೆಸರು ಹೊಂದಿತು.

"ಹೋಯ್ತು ಮೇಡಂ! ಡಾಕ್ಟ್ರು ಮೇಲ್ಗಡೆ ತೆಗೆದು ನೋಡ್ತಾನೂ ಇದಾರಂತೆ!" ಟೆಕ್ನಿಷಿಯನ್ ಕೂಗಿದ. ಹೊರಗೆ ಕಾಯುತ್ತಿದ್ದ ಮುದುಕಿಯ ಮಗಳು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತಕ್ಕ." ಆ ಮಾತು ಕೇಳಿ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಕಂಪ್ಯೂಟರ್ ವಿಭಾಗಕ್ಕೆ ಮರಳಿದಾಗ ಕಿಟಕಿಯ ಬಳಿ ತಕರಾರಪ್ಪ ಕನ್ನಡಕ ಒರೆಸುತ್ತ ಕೂತಿದ್ದರು. ಅವಳು ಒಂದೂ ಬಚ್ಚಿಡದೆ ಎಲ್ಲವನ್ನೂ ಒಪ್ಪಿಸಿದಳು.

"ಹೋದ ವರ್ಷ ತಪಾಸಣೆ ನಿಲ್ಸಿದ್ದು ನಾನೇ ಸಾರ್."

"ನಂಗೆ ಗೊತ್ತಿತ್ತಮ್ಮ."

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಜಗಳಕ್ಕೆ ನಿಲ್ತಿದ್ದೆ. ಸರ್ವರ್ ಸರ್ಟಿಫಿಕೇಟನ್ನ ಹೊಸ ಹೆಸರಲ್ಲಿ ಮಾಡಿಸ್ದೆ, ತಪಾಸಣೆ ಹಾಕ್ದೆ. ಮುಗೀತು."

ಅವಳ ಕಣ್ಣು ತುಂಬಿತು. "ನೀವಿಲ್ದಿದ್ರೆ ಇವತ್ತು ಆ ತಾಯಿ ಗತಿ ಏನಾಗ್ತಿತ್ತು ಸಾರ್! ನಿಮ್ಮ ಋಣ ನಾನು ಹೇಗೆ ತೀರಿಸ್ಲಿ?"

"ಅಯ್ಯೋ, ಸುಮ್ನಿರಮ್ಮ," ಎಂದು ಅವರು ಮುಜುಗರದಿಂದ ಆ ಕಡೆ ತಿರುಗಿದರು. "ಇನ್ನೂ ನಾಲ್ಕು ಯಂತ್ರದಲ್ಲಿ ನೀನು ತಪಾಸಣೆ ನಿಲ್ಸಿದ ಸಾಲು ಹಾಗೇ ಇದೆ."

ಅವಳು ಕುರ್ಚಿ ಎಳೆದು ಅವರ ಪಕ್ಕ ಕೂತಳು. ತಕರಾರಪ್ಪ ಕೀಬೋರ್ಡನ್ನು ಅವಳತ್ತ ಸರಿಸಿದರು.