ಜಾಣ ಕಿವುಡು

ಅಕ್ಕ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದಾಗ ವೇದಿಕೆಯ ಮೇಲೆ ಪದವಿಪತ್ರ ತೆಗೆದುಕೊಳ್ಳುತ್ತಿದ್ದವನು ಅವಳ ತಮ್ಮನಲ್ಲ, ಯಾರ ಮನೆಯ ಮಗನೋ. ಕೊನೆಯ ಸಾಲಿನಿಂದ ನೋಡಿದರೆ, ಪಕ್ಕಕ್ಕೆ ತಿರುಗಿದ ಮುಖಗಳು ಕರಿ ಗೌನು, ಕರಿ ಟೋಪಿಯೊಳಗೆ ಎಲ್ಲ ಒಂದೇ ಥರ. ಅಮ್ಮ ಅವಳ ತೋಳು ಹಿಡಿದು ಜಗ್ಗಿದಳು. ಮುಂದೆ ಕೂತವರು ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

"ಕೂತ್ಕೊಳ್ಳೇ. ಅವನ ಹೆಸರು ಇನ್ನೂ ಕರೆದಿಲ್ಲ."

ಅಮ್ಮನ ತುಟಿ ನೋಡಿ ಅಷ್ಟನ್ನು ತಿಳಿದುಕೊಂಡು ಅಕ್ಕ ಕೂತಳು. ಇನ್ನು ಅಮ್ಮ ತಿವಿಯದೆ ಏಳಬಾರದು ಎಂದುಕೊಂಡಳು. ಆದರೆ ನಿಜವಾಗಿ ಹೆಸರು ಕರೆದಾಗ ಅಮ್ಮನಿಗೆ ಅಳು ಒತ್ತರಿಸಿ ಬಂದು ತಿವಿಯುವುದು ಮರೆತೇಹೋಯಿತು. ತಮ್ಮ ವೇದಿಕೆಯ ನಡುವೆ ನಿಂತು, ಕೊನೆಯ ಸಾಲಿನತ್ತ ನೋಡಿ ಸದ್ದಿಲ್ಲದೆ ತುಟಿ ಆಡಿಸಿದ: "ಅಕ್ಕಾ, ಈಗ." ಅವಳು ಎದ್ದು ನಿಲ್ಲುವಷ್ಟರಲ್ಲಿ ಅವನು ಮೆಟ್ಟಿಲು ಇಳಿಯುತ್ತಿದ್ದ.

ತುಟಿಯ ಆ ಮಾತು ಮಗ್ಗದ ಕಾರ್ಖಾನೆಯದು. ಲಾಳಿಗಳ ಗದ್ದಲದಲ್ಲಿ ಅಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಚಾಡಿ, ಜಗಳ, ತಮಾಷೆ ಎಲ್ಲ ತುಟಿಯಲ್ಲೇ ಸಾಗುತ್ತದೆ. ಅಪ್ಪ ಸತ್ತ ವರ್ಷ ಮಗ್ಗಕ್ಕೆ ನಿಂತ ಅಕ್ಕ, ಚಿಕ್ಕವನಿದ್ದ ತಮ್ಮನಿಗೆ ಅಮ್ಮನ ಬೆನ್ನ ಹಿಂದೆ ಅಣಕಿಸಲಿಕ್ಕೆಂದು ಅದನ್ನು ಕಲಿಸಿದ್ದಳು. ಆಮೇಲೆ ಆ ಗದ್ದಲ ಅವಳ ಕಿವಿಯನ್ನೇ ತಿಂದುಹಾಕಿತು. ಹೋದದ್ದು ಹೋಯಿತು, ಉಳಿದದ್ದಾದರೂ ಉಳಿಯಬೇಕಾದರೆ ಮಗ್ಗ ಬಿಡಬೇಕು ಎಂದಿದ್ದರು ಡಾಕ್ಟರು. "ಅವನ ಓದು ಮುಗೀಲಿ" ಎಂದಳು ಅಮ್ಮ. ಕಿವಿಗೆ ಯಂತ್ರ ಹಾಕಿಸುವುದಕ್ಕೂ ಅದೇ ಮಾತು, ಮದುವೆ ಕೇಳಿಕೊಂಡು ಬಂದ ಮೆಕ್ಯಾನಿಕನಿಗೂ ಅದೇ ಮಾತು. ಅವನು ಪಾಪ, ಒಂದಷ್ಟು ಕಾಲ ಕಾದು ಬೇರೆ ಕಡೆ ನೋಡಿಕೊಂಡ. ಓದುವ ಹುಡುಗನ ತಲೆ ಕೆಡಿಸಬಾರದೆಂದು ತಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಕರೆದರೂ ಓಗೊಡದ ಮಗಳನ್ನು ಕಂಡು ಅಕ್ಕಪಕ್ಕದವರು ಹುಬ್ಬೇರಿಸಿದರೆ ಅಮ್ಮ, "ಅಯ್ಯೋ, ಇವಳದು ಜಾಣ ಕಿವುಡು. ಬೇಕಾದ್ದಷ್ಟೇ ಕೇಳ್ಸುತ್ತೆ" ಎಂದು ನಗಿಸಿ ಮುಚ್ಚಿಹಾಕುತ್ತಿದ್ದಳು. ಹೇಳಿ ಹೇಳಿ ಈಗೀಗ ಅಮ್ಮನೇ ಅದನ್ನು ಅರ್ಧ ನಂಬಿಬಿಟ್ಟಿದ್ದಳು.

ಹೊರಗೆ ಅಂಗಳದಲ್ಲಿ ಅಮ್ಮ ಯಾರ ಜೊತೆಗೋ ಮಾತಿಗೆ ನಿಂತಾಗ ತಮ್ಮ ಅಕ್ಕನನ್ನು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಅವಳು ಅವನ ಟೋಪಿ ಸರಿಮಾಡಿ ಕೇಳಿದಳು.

"ಹೆಸರು ಕರೆದದ್ದು ನಂಗೆ ಕೇಳ್ಸಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಅವನು ಅವಳಿಗೆ ಮುಖ ಕೊಟ್ಟು ನಿಂತು, ತುಟಿಯಲ್ಲೇ ಹೇಳಿದ. "ಮೊದಲ್ನೇ ವರ್ಷ ರಜಕ್ಕೆ ಬಂದಿದ್ನಲ್ಲ, ಆಗ್ಲೇ ಗೊತ್ತಾಯ್ತು. ನೀನು ನಲ್ಲಿ ಬಿಟ್ಟು ಬಕೆಟ್ಟಿಗೆ ಬೆನ್ನು ಮಾಡಿ ನಿಂತಿದ್ದೆ. ನೀರು ತುಂಬಿ ಕಾಲಿಗೆ ಬರೋವರೆಗೂ ನಿಂಗೆ ತಿಳೀಲಿಲ್ಲ. ನಾನು ಹಿಂದೆ ನಿಂತು ಎಷ್ಟು ಕರೆದೆ."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಗ್ಗ ಬಿಡಬೇಕಿತ್ತು. ನಾನು ಓದು ಬಿಡಬೇಕಿತ್ತು. ಓದು ಮುಗೀಲಿ ಅಂತ ನಾನೂ ಸುಮ್ಮನಾದೆ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಜಾಣ ಕಿವುಡು ನಂದು, ಅಕ್ಕ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಅಕ್ಕನಿಗೆ. ಎತ್ತಿ ಆಡಿಸಿದ ಕೂಸು, ಕಣ್ಣಾರೆ ಕಂಡೂ ಕಾಣದವನಂತೆ ತನ್ನ ಕಿವಿಯ ಮೇಲೆ ಕಾಲಿಟ್ಟು ದಾಟಿಹೋಗಿದೆ. ಆ ಸಿಟ್ಟಿನಲ್ಲೇ ಇನ್ನೊಂದೂ ಹೊಳೆಯಿತು: ಇವನಿಗೆ ಇವನ ಬದುಕು ಬೇಕಿತ್ತು, ನಾಚಿಕೆ ಬಿಟ್ಟು ಹಿಡಿದುಕೊಂಡ. ತನಗೆ ಬೇಕಾದ್ದನ್ನು ತಾನು ಯಾರನ್ನೂ ಕೇಳಿರಲಿಲ್ಲ, ಏನು ಬೇಕೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಈಗ ತನ್ನ ಬದುಕು ತನಗೂ ಬೇಕೆನ್ನಿಸಿತು. ಹಸಿದವಳಿಗೆ ಅನ್ನ ಬೇಕೆನ್ನಿಸುವ ಹಾಗೆ.

ಅಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಳು. "ಅಂತೂ ದಡ ಮುಟ್ಟಿದ್ವಿ. ಇನ್ನು ಇವನಿಗೊಂದು ಕೆಲಸ ಅಂತ ಆಗಿಬಿಡ್ಲಿ, ಆಮೇಲೆ ನೀನು ಮಗ್ಗ ಬಿಡುವಿಯಂತೆ."

"ನಾನು ನಾಳೆಯಿಂದ ಹೋಗಲ್ಲ ಅಮ್ಮ."

ದನಿ ಎಷ್ಟು ಏರಿತ್ತೋ ಅವಳಿಗೆ ತಿಳಿಯಲಿಲ್ಲ. ಅಂಗಳದ ತಲೆಗಳೆಲ್ಲ ತಿರುಗಿದ್ದು ಮಾತ್ರ ಕಂಡಿತು.

"ಮೆಲ್ಲಗೆ ಮಾತಾಡೇ, ಎಲ್ಲರಿಗೂ ಕೇಳಿಸ್ತಿದೆ."

"ಕೇಳಿಸ್ಲಿ. ನಂಗೆ ಕೇಳ್ಸಲ್ಲ, ಕಿವುಡಿ ನಾನು. ಅದೂ ಎಲ್ಲರಿಗೂ ಕೇಳಿಸ್ಲಿ."

ಅಮ್ಮ ಸೆರಗು ಎಳೆದುಕೊಂಡು ಸರಸರ ಗೇಟಿನತ್ತ ನಡೆದಳು.

ಮರುದಿನ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆಗೆಂದು ಅಕ್ಕನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಸದ್ದು ಕೇಳಿದಾಗ ಬೆರಳು ಎತ್ತಬೇಕು, ಅಷ್ಟೆ. ಗಾಜಿನಾಚೆ ಗುಂಡಿ ಒತ್ತುವ ಹೆಂಗಸು, ಅವಳ ಹಿಂದೆ ಬೆಂಚಿನ ಮೇಲೆ ತಮ್ಮ. ಕಾರ್ಖಾನೆಯ ತಪಾಸಣೆಯಲ್ಲಿ ಅಕ್ಕ ಪ್ರತಿ ಸಲ ಹೀಗೇ ಗಾಜಿನಾಚೆಯ ಕೈಯನ್ನು ಕದ್ದು ನೋಡಿ, ಅದು ಗುಂಡಿ ಒತ್ತಿದಾಗಲೆಲ್ಲ ಬೆರಳೆತ್ತಿ ಪಾಸಾಗಿ ಬಂದವಳು. ಇವತ್ತೂ ಕಣ್ಣು ತಾನಾಗಿ ಆ ಕೈಯತ್ತ ಹೋಯಿತು.

ಅವಳು ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತು ಬೆರಳು ತೊಡೆಯ ಮೇಲೆಯೇ ಇತ್ತು. ಆಮೇಲೆ ಒಂದು ಸಲ ಎದ್ದಿತು.