ಭಸ್ಮದ ಪೊಟ್ಟಣ

ಗಾಣಗಾಪುರಕ್ಕೆ ಬಂದ ಗಂಡಸರು ತಮ್ಮ ಕಷ್ಟವನ್ನು ದೇವರ ಮುಂದೆ ಹೇಳಿಕೊಂಡರೆ, ಹೆಂಗಸರು ಶಾರದಾಬಾಯಿಯ ಮುಂದೆ ಹೇಳಿಕೊಳ್ಳುತ್ತಿದ್ದರು. ಗಂಡ ನರಸಿಂಹ ಭಟ್ಟರು ಭಕ್ತರಿಗೆ ಪೂಜೆ ಮಾಡಿಸುವವರು. ಮನೆಯ ಹಿಂದಿನ ಕೋಣೆಗಳಲ್ಲಿ ಭಕ್ತರು ಇಳಿದುಕೊಳ್ಳುತ್ತಿದ್ದರು. ಬಿಳಿ ಸೆರಗು ಹೋಗುವುದು, ಉರಿ, ವಾಸನೆ, ಇಂಥದ್ದೆಲ್ಲ ಬಚ್ಚಲಮನೆಯ ಬಾಗಿಲಲ್ಲೇ ಪಿಸುಮಾತಾಗುತ್ತಿತ್ತು.

ಶಾರದಾಬಾಯಿ ಭಸ್ಮದ ಗುಡ್ಡದಿಂದ ತಂದ ಬೂದಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. "ಎಲ್ಲಿ ತ್ರಾಸ ಅದ, ಅಲ್ಲೇ ಹಚ್ಚಿಕೋ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎನ್ನುತ್ತಿದ್ದಳು. ಮಕ್ಕಳ ಗಾಯಕ್ಕೆ ಭಸ್ಮ ಹಚ್ಚಿದರೆ ಒಣಗುತ್ತದೆ, ಅಂದಮೇಲೆ ಇದೂ ಒಣಗಲೇಬೇಕು. ಹಾಗೆಂದು ಯಾವ ಪುರಾಣದಲ್ಲೂ ಇಲ್ಲ, ಯಾವ ಪೂಜಾರಿಯೂ ಹೇಳಿಲ್ಲ. ಲೆಕ್ಕ ಅವಳದೇ, ಹೆಸರು ಮಾತ್ರ ದೇವರದು.

ಅದೇ ತೊಂದರೆ ತನಗೇ ಬಂದಾಗ ಅವಳ ನಾಲಿಗೆ ಬಿದ್ದುಹೋಯಿತು. ಬಂದವರಿಗೆಲ್ಲ ಹೇಳಿದ್ದನ್ನೇ ಸದ್ದಿಲ್ಲದೆ ತಾನೂ ಮಾಡಿಕೊಂಡಳು. ತಿಂಗಳುಗಟ್ಟಲೆ ಹಾಗೇ ನಡೆಯಿತು. ಕೊನೆಗೆ ಒಣಗಿಸಿದ ಬಟ್ಟೆಯ ಮೇಲಿನ ಕಲೆ ಸೊಸೆ ಅನುರಾಧಾಳ ಕಣ್ಣಿಗೆ ಬಿತ್ತು. ಅಫಜಲಪುರದ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಅತ್ತೆಯ ಸಬೂಬನ್ನೆಲ್ಲ ಕೇಳುವವಳಲ್ಲ. ಅಲ್ಲಿಯ ಹೆಂಗಸರ ಡಾಕ್ಟರ್ ವಿಜಯಶ್ರೀ ಅವರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ದೀಪ ಹಿಡಿದು ನೋಡಿದರು. "ಗರ್ಭಕೋಶದ ಬಾಯಿ ಮ್ಯಾಲೆ ಬಿಳಿ ಕಲೆ ಅದ, ಕಾಕು. ಹಳೇ ಸೋಂಕಿನಿಂದ ಇರಬಹುದು, ಬಹಳ ದಿನದ ಉರಿಯಿಂದ ಇರಬಹುದು. ಗಂಡನ ಕಡಿಂದ ಬರೋ ಒಂದು ವೈರಸ್ಸೂ ಇರ್ತದ. ಅದು ಹಂಗೇ ಉಳದ್ರ ಮುಂದ ಕ್ಯಾನ್ಸರ್ ಆಗಬಹುದು. ಮುಂದಿನ ವಾರ ಬರ್ರಿ, ಸಣ್ಣ ತುಣುಕು ತಗದು ಪರೀಕ್ಷಾಕ್ಕ ಕಳಸೋಣ."

ಶಾರದಾಬಾಯಿಗೆ ಹೆದರಿಕೆ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಆದದ್ದು ನಾಚಿಕೆ. ಬಿಳಿ ಕಲೆ ಏನೆಂದು ತನಗೆ ಗೊತ್ತೇ ಇದೆಯಲ್ಲ, ಭಸ್ಮ! ಗಂಡ ದಿನಾ ಮಡಿಯುಟ್ಟು ಹಣೆಗಿಟ್ಟುಕೊಳ್ಳುವುದನ್ನು ತಾನು ಎಲ್ಲಿಟ್ಟುಕೊಂಡೆ? ಮರುದಿನ ಅವರು ಭಸ್ಮದ ಬಟ್ಟಲಿಗೆ ಬೆರಳು ಅದ್ದಿದಾಗ ಅವಳು ಒಳಗೆ ಎದ್ದುಹೋದಳು. ಬಿಸಿನೀರಿನಿಂದ ತೊಳೆದಳು, ಮತ್ತೆ ತೊಳೆದಳು. ವಾರ ಕಳೆದಾಗ, "ನಾ ಬರಂಗಿಲ್ಲ. ತಾನಾಗೇ ಹೋಗ್ತದ ಅದು" ಎಂದು ಕುಳಿತುಬಿಟ್ಟಳು.

ಅನುರಾಧಾ ಬೇರೆಯೇ ಅರ್ಥ ಮಾಡಿಕೊಂಡಳು. ಗಂಡನ ಕಡೆಯಿಂದ ಬರುವ ವೈರಸ್ ಎಂಬ ಮಾತು ಅವಳ ತಲೆಯಲ್ಲಿ ಕೂತಿತ್ತು. ಮಾವನ ಜೊತೆ ಮಾತು ಕಡಿಮೆಯಾಯಿತು. ಚಹಾದ ಕಪ್ಪನ್ನು ಅವರ ಮುಂದೆ ಕುಕ್ಕಿ ಇಡತೊಡಗಿದಳು. ಮುದುಕರಿಗೆ ಏನೂ ತಿಳಿಯದು. "ಸಕ್ರಿ ಕಡಿಮಿ ಅಂದಿದ್ದಕ್ಕ ಸಿಟ್ಟೇನವಾ?" ಎಂದು ಕೇಳಿದರು. ಸೊಸೆ ಒಳಗೆ ಬಂದಳು.

"ಮಾವಗ್ಯಾಕ ಹಂಗ ಮಾಡಾಕತ್ತಿ?" ಎಂದಳು ಶಾರದಾಬಾಯಿ.

"ನೀವು ಯಾರನ್ನ ಕಾಪಾಡಾಕತ್ತೀರಿ ಅನ್ನೋದು ನನಗ ಗೊತ್ತದ, ಅತ್ತಿ."

ಶಾರದಾಬಾಯಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಹೊರಗಿನ ಹೆಂಗಸಿನ ಮುಖವನ್ನು ಕಣ್ಣೆತ್ತಿ ನೋಡದ ಮನುಷ್ಯ! ತನ್ನ ಮಾನ ಉಳಿಸಿಕೊಳ್ಳಲು ಹೋಗಿ ಗಂಡನ ಮಾನ ಕಳೆದಿದ್ದಳು. "ಅವರದೇನೂ ತಪ್ಪಿಲ್ಲ ಬೇ" ಎಂದು ಒಲೆಯ ಕಡೆ ಮುಖ ಮಾಡಿ, ಭಸ್ಮದ ಸಂಗತಿಯನ್ನೆಲ್ಲ ಹೇಳಿದಳು. ಅನುರಾಧಾ ನಗಲಿಲ್ಲ, ಬೈಯಲೂ ಇಲ್ಲ. ಹೊರಗೆ ಹೋಗಿ ಮಾವನಿಗೆ ಇನ್ನೊಂದು ಕಪ್ ಚಹಾ ಕೊಟ್ಟು ಬಂದು, "ಸೀರಿ ಉಡ್ರಿ. ಈ ಮಾತು ಡಾಕ್ಟರ ಮುಂದ ನೀವೇ ಹೇಳಬೇಕು" ಎಂದಳು.

ಡಾಕ್ಟರ ಮುಂದೆ ಶಾರದಾಬಾಯಿ ಮಂಚದ ಮೇಲೆ ಮಲಗಿ ಮುಖಕ್ಕೆ ಸೆರಗು ಎಳೆದುಕೊಂಡೇ ಹೇಳಿದಳು. ಹೇಳಿ ಮುಗಿದಾಗ ಎದೆ ಹಗುರಾಯಿತು. ಬೂದಿಯೆಂದು ಗೊತ್ತಾಯಿತಲ್ಲ, ಇನ್ನು ಮನೆಗೆ ಕಳಿಸುತ್ತಾರೆ ಅಂದುಕೊಂಡಳು.

ಡಾಕ್ಟರು ಹತ್ತಿಯಿಂದ ಒರೆಸಿದರು. ಇನ್ನೊಮ್ಮೆ ಒರೆಸಿ ನೋಡಿದರು.

"ಕಾಕು, ಬೂದಿ ಆಗಿದ್ರ ಒರಸಿದ ಕೂಡಲೆ ಹೋಗ್ತಿತ್ತು. ಆವತ್ತೂ ಒರಸೇ ನೋಡೀನಿ. ಈ ಕಲೆ ಚರ್ಮದಾಗೇ ಅದ, ಬೂದಿ ಅಲ್ಲ. ಬೂದಿ ಹಚ್ಚಿ ಉರಿ ಹೆಚ್ಚಾಗಿರಬಹುದು, ಅಷ್ಟ. ಖರೇ ಕಾರಣ ತುಣುಕು ನೋಡಿದ ಮ್ಯಾಲೇ ತಿಳೀತದ. ಕೆಟ್ಟದ್ದಿದ್ರೂ ಈಗ ಸಿಕ್ಕದ, ಆರಾಮ ಮಾಡಬಹುದು. ನೀವು ಭಸ್ಮ ಅಂತ ಮನ್ಯಾಗ ಕೂತಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ."

ಸೆರಗಿನ ಕೆಳಗೆ ಶಾರದಾಬಾಯಿಗೆ ಬಚ್ಚಲಮನೆಯ ಬಾಗಿಲಲ್ಲಿ ನಿಂತ ಮುಖಗಳು ಒಂದೊಂದಾಗಿ ಕಣ್ಣಿಗೆ ಬಂದವು. ಹಸಿರು ಇಳಕಲ್ಲು ಸೀರೆಯವಳು, ಕಂಕುಳಲ್ಲಿ ಕೂಸಿದ್ದವಳು, ಗಂಡ ಸನಿಹ ಬರಗೊಡುವುದಿಲ್ಲ ಎಂದು ಅತ್ತವಳು. ಎಲ್ಲರೂ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಹೋಗಿದ್ದರು.

ಅವಳು ಸೆರಗು ಸರಿಸಿದಳು. "ಡಾಕ್ಟರ್ ಬಾಯಿ, ಇದನ್ನ ನಾ ಬ್ಯಾರೇ ಹೆಣ್ಣಮಕ್ಕಳಿಗೂ ಹೇಳೀನ್ರಿ. ಬಹಳ ಮಂದಿಗೆ."

ಡಾಕ್ಟರ ಕೈ ನಿಂತಿತು. "ಯಾರಿಗೆ? ಎಲ್ಲಿಯವರು ಅವರು? ಕರಕೊಂಡು ಬರ್ರಿ, ನೋಡೋಣ."

"ಗುರುತಿಲ್ರಿ" ಎಂದಳು ಶಾರದಾಬಾಯಿ. "ಯಾರ ಮುಂದೂ ಹೇಳಬ್ಯಾಡ್ರಿ ಅಂತ ನಾನೇ ಹೇಳಿ ಕಳಿಸೀನಿ."