ಗುನಿಲ್ಡಳ ತಾಮ್ರದ ಹಂಡೆ

ಯಾರ್ಕ್ ಸೀಮೆಯಲ್ಲಿ ನಮ್ಮೂರ ಥರ್ಸ್ಟನ್ ಕಾಯಿಸುತ್ತಿದ್ದ ಬಾರ್ಲಿ ಬಿಯರಿಗೆ ಸಾಟಿಯಿರಲಿಲ್ಲ. ಸಾಯುವ ಮುನ್ನ ಜ್ವರದ ತಾಪದಲ್ಲಿ ಅವನು, ತನ್ನ ಆತ್ಮಕ್ಕಾಗಿ ಪ್ರಾರ್ಥಿಸಲಿ ಎಂದು, ಮನೆಯ ದೊಡ್ಡ ತಾಮ್ರದ ಹಂಡೆಯನ್ನು ಮಠಕ್ಕೆ ಕೊಟ್ಟೆನೆಂದುಬಿಟ್ಟ. ಅದು ಹೋದರೆ ಒಬ್ಬಳೇ ಮಗಳು ಗುನಿಲ್ಡಳ ಒಲೆ ಆರಿದಂತೆಯೇ.

ಮಣ್ಣು ಮಾಡಿದ ವಾರದಲ್ಲೇ ಮಠದ ಸನ್ಯಾಸಿ ಹ್ಯೂ ಗಾಡಿ ಕಟ್ಟಿಸಿಕೊಂಡು ಬಂದ. ಗುನಿಲ್ಡ ಬಾಗಿಲಿಗೆ ಅಡ್ಡ ನಿಂತಳು.

“ನಿಮ್ಮಪ್ಪ ದೇವರಿಗೆ ಕೊಟ್ಟಿದ್ದು ಕಣಮ್ಮಾ. ದೇವರ ಜೊತೇನೂ ಜಗಳಕ್ಕೆ ನಿಲ್ತೀಯಾ?”

“ದೇವರೆಲ್ಲಿ ಬಂದಿದಾನೆ ಸ್ವಾಮಿ? ಗಾಡಿ ತಂದಿರೋದು ನೀವು. ಊರವರು ಸೇರಿ ನ್ಯಾಯ ಹೇಳಲಿ, ಕೇಳ್ತೀನಿ.”

ಪಕ್ಕದ ಮನೆಯವಳಾದ ನನಗೆ ನಗು ತಡೆಯಲಾಗಲಿಲ್ಲ. ಹ್ಯೂನ ತುಟಿಯೂ ಅಲುಗಿತು.

ಊರು ಸೇರಿತು. ಊರಾಳುವ ಧಣಿಯ ಕಾರಭಾರಿ ತೀರ್ಪು ಹೇಳಲು ನಡುವೆ ಕೂತ. ಕಮ್ಮಾರ ಓರ್ಮಜ್ಜ ಎದ್ದು ನಿಂತ. “ಹಂಡೇಲಿ ಕಾಯಿಸಿದ ಬಿಯರು ಥರ್ಸ್ಟನ್ನಂದು, ಯಾರಿಗಾದ್ರೂ ಕೊಡ್ಲಿ. ಹಂಡೆ ಅವನದಲ್ಲ ಕಣ್ರಯ್ಯಾ, ಮನೇದು. ಮೊದಲು ಅವನಮ್ಮ ಕಾಯಿಸಿದ್ಲು, ಆಮೇಲೆ ಅವನು, ಈಗ ಇವಳು. ಮನೆ ಯಾರಿಗೋ ದುಡಿಮೆ ಸಾಮಾನೂ ಅವರಿಗೇ.”

ಎಲ್ಲರೂ ಹೌದೆಂದರು. ತೀರ್ಪು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಗುಮಾಸ್ತ ಲೇಖನಿ ಎತ್ತಿ, “ಇಂಥ ಸಾಮಾನಿಗೆ ಏನಂತ ಬರೀಲಿ?” ಎಂದ.

“ನಾವು ಅನ್ನೋ ಹಾಗೇ ಬರೀರಿ. ಏರ್‌ಲೂಮ್!” ಎಂದ ಓರ್ಮಜ್ಜ.

ಲೂಮ್ ಎಂದರೆ ನಮಗೆ ಮಗ್ಗವೊಂದೇ ಅಲ್ಲ. ನೇಗಿಲು, ಹಂಡೆ, ಸುತ್ತಿಗೆ, ಕೈಗೆ ಕೆಲಸ ಕೊಡುವ ಎಲ್ಲವೂ ಲೂಮೇ. ಏರ್ ಎಂದರೆ ವಾರಸುದಾರ, ನಮ್ಮನ್ನಾಳುವ ಧಣಿಗಳು ಆಡುವ ಫ್ರೆಂಚಿನಿಂದ ನಮ್ಮ ಬಾಯಿಗೆ ಬಂದ ಮಾತು. ಗುಮಾಸ್ತ ಲ್ಯಾಟಿನ್ನಿನ ನಡುವೆ ಆ ಜೋಡಿಮಾತನ್ನು ಹಾಗೇ ಇಟ್ಟ.

ಗೆದ್ದವಳು ಸುಮ್ಮನೆ ಮನೆಗೆ ಹೋಗಬಹುದಿತ್ತು. ಗುನಿಲ್ಡ ಹ್ಯೂನ ಮುಂದೆ ಬಂದು ನಿಂತಳು. “ಹಂಡೆ ನನ್ನ ಪಾಲಿಗೆ ಬಂತು ಸ್ವಾಮಿ. ಹಂಗಾದ್ರೆ ಅಪ್ಪ ಕೊಟ್ಟ ಮಾತೂ ನನ್ನ ಪಾಲಿಗೇ ಬಂತು. ಸುಗ್ಗಿ ಆದ ಮೇಲೆ ಮೊದಲ ಪೀಪಾಯಿ ಪ್ರತಿ ವರ್ಷ ಮಠಕ್ಕೆ ಕಳಿಸ್ತೀನಿ. ಪ್ರಾರ್ಥನೆ ಮಾತ್ರ ಕುಡಿಯೋಕೆ ಮುಂಚೆ ಮಾಡಿ, ಆಮೇಲೆ ಅಪ್ಪನ ಹೆಸರೂ ನೆನಪಿರಲ್ಲ ನಿಮಗೆ.”

ಈ ಸಲ ಹ್ಯೂ ಬಾಯ್ತುಂಬ ನಕ್ಕ. ಆಮೇಲೆ, ಯಾರೂ ಹೇಳದೆಯೇ, ಅವಳಿಗೆ ತಲೆಬಾಗಿದ.

ಆಡಿದ ಮಾತಿಗೆ ಅವಳು ಒಂದು ವರ್ಷವೂ ತಪ್ಪಲಿಲ್ಲ. ಮಳೆಗೆ ಪೈರು ಕೊಳೆತ ವರ್ಷ ಉಳಿದಿದ್ದ ಬಾರ್ಲಿಗೆ ಓಟ್ಸ್ ಬೆರೆಸಿ ಕಾಯಿಸಿದಳು. ಅರ್ಧ ಪೀಪಾಯಿಯಾಯಿತು, ಅದನ್ನೇ ಕಳಿಸಿದಳು. ಮಾರನೆಯ ಬೆಳಿಗ್ಗೆ ಹ್ಯೂ ಕೆಸರು ತುಳಿದುಕೊಂಡು, ಮಠದ ಕಣಜದ ಬಿತ್ತನೆ ಬಾರ್ಲಿಯ ಮೂಟೆಯನ್ನು ತಾನೇ ಹೊತ್ತು ತಂದು ಅವಳ ಜಗುಲಿಯ ಮೇಲೆ ಇಳಿಸಿದ.